ಚಳಿಗೆ ಮಲಗಿದ ದ್ರಾಕ್ಷಾರಸ

ಮಾಘಮಾಸದ ಆ ಬೆಳಗ್ಗೆ ಸಿರಿವೊಳಲಿನ ರಾಜಬೀದಿಯಲ್ಲಿ ಕಾಲಿಡಲು ತೆರಪಿರಲಿಲ್ಲ. ತರುಣ ಅರಸ ಕಂಚರಸನ ಪಟ್ಟಾಭಿಷೇಕಕ್ಕೆಂದು ಕೋಟೆಯ ಬುರುಜು ಬುರುಜಿನ ಮೇಲೂ ಕೆಂಪು ಪತಾಕೆಗಳು ಹಾರಾಡುತ್ತಿದ್ದವು. ಬೀದಿಗೆ ಚೆಲ್ಲಿದ ಸೇವಂತಿಗೆಯ ಮೇಲೆ ಪಟ್ಟದಾನೆ ಗಂಭೀರವಾಗಿ ಹೆಜ್ಜೆಯಿಟ್ಟು ಬರುತ್ತಿದ್ದರೆ, ಸಾಮಂತರು ತಮ್ಮ ಸ್ಥಾನ ಯಾರ ಮುಂದೆ, ಯಾರ ಹಿಂದೆ ಎಂಬ ಚಿಂತೆಯಲ್ಲಿ ಆನೆಯನ್ನೇ ನೋಡಲು ಮರೆತಿದ್ದರು. ಆ ಜನಸಂದಣಿಯಲ್ಲಿ ಒಬ್ಬ ಮುದುಕ ಗೋಡೆಗೆ ಒರಗಿ ನಿಂತು ಎಲ್ಲರ ಮಾತನ್ನೂ ಕೇಳುತ್ತಿದ್ದ. ಯಾರು ಏನು ಆಡಿದರೂ, ಬೈದಾಡಿದರೂ, ಅವನಿಗೆ ಸವಿಯಾಗಿತ್ತು. ಹನ್ನೊಂದು ವರ್ಷಗಳಿಂದ ಅವನು ಇಷ್ಟು ಮನುಷ್ಯರನ್ನು ಒಟ್ಟಿಗೆ ಕಂಡಿರಲಿಲ್ಲ.

ಅವನು ಬೀಚಯ್ಯ, ಕುಳಿರುಗಿರಿಯ ಮೇಲೆ ಅರಮನೆಯ ದ್ರಾಕ್ಷಿತೋಟವನ್ನು ಕಾಯುವವನು, ದ್ರಾಕ್ಷಾರಸ ಮಾಡುವವನು. ಬಯಲುಸೀಮೆಯ ಬಿಸಿಲಿನಲ್ಲಿ ದ್ರಾಕ್ಷಿ ಬೇಗ ಸಿಹಿಯಾಗುತ್ತದೆ, ರಸವೂ ಅಷ್ಟೇ ಬೇಗ ಕೆಡುತ್ತದೆ. ಮೋಡ ಮುಟ್ಟುವ ಆ ಬೆಟ್ಟದಲ್ಲಿ ಹಾಗಲ್ಲ. ಹಣ್ಣು ತಡೆದು ತಡೆದು ಪಕ್ವವಾಗುತ್ತದೆ. ಗೊಂಚಲಿಗೆ ಬಿಸಿಲು ತಾಗಲೆಂದು ಎಲೆ ಕಿತ್ತು, ಹಗಲಿನ ಕಾವು ಸಂಜೆಗೂ ಉಳಿಯಲೆಂದು ಬುಡಕ್ಕೆ ಕರಿಗಲ್ಲು ಒಟ್ಟಿ ಅದನ್ನು ಸಾಕಬೇಕು. ಹಿಂಡಿದ ರಸವೂ ಸೋಮಾರಿಯೇ. ಮಣ್ಣಿನ ದೊಡ್ಡ ಹರವಿಯಲ್ಲಿ ಕೆಲವು ದಿನ ಸೊರಸೊರನೆ ಉಕ್ಕಿ, ಪುಷ್ಯದ ಚಳಿ ಬಿದ್ದೊಡನೆ ಸದ್ದಡಗಿ ಮಲಗಿಬಿಡುತ್ತದೆ. ಫಾಲ್ಗುಣದಲ್ಲಿ ಮತ್ತೆ ಎದ್ದು, ಉಕ್ಕಿ, ಉಳಿದ ಸಿಹಿಯನ್ನೆಲ್ಲ ತಾನೇ ತಿಂದು ಮುಗಿಸಿದ ಮೇಲೆಯೇ ಹರವಿಯ ಬಾಯಿಗೆ ಅರಗು ಹಾಕಿ ಮುದ್ರೆಯೊತ್ತಬೇಕು. ಅಲ್ಲಿಯತನಕ ಕಾವಲಿನವನು ಬೆಟ್ಟ ಇಳಿಯಕೂಡದೆಂಬುದು ಕಟ್ಟಳೆ. ಅಷ್ಟು ಹೊತ್ತಿಗೆ ಬಳ್ಳಿ ಚಿಗುರಿ ಮುಂದಿನ ವರ್ಷದ ಕೆಲಸ ಕೊರಳಿಗೆ ಬೀಳುತ್ತಿತ್ತು. ಹೀಗಾಗಿ ಮಗಳು ಜಕ್ಕವ್ವೆಯನ್ನು ಸಿರಿವೊಳಲಿನ ಬಳೆಗಾರರ ಕೇರಿಗೆ ಕೊಟ್ಟ ಮೇಲೆ ಅವನು ಅವಳನ್ನು ನೋಡಿಯೇ ಇರಲಿಲ್ಲ.

ಈ ವರ್ಷ ಪಟ್ಟಾಭಿಷೇಕ ಮಾಘದಲ್ಲೇ ನಿಶ್ಚಯವಾದುದರಿಂದ ಪ್ರತಿವರ್ಷ ಮುದ್ರೆಯೊತ್ತಲು ಬರುವ ಮಹಾಪ್ರಧಾನ ಬೊಪ್ಪದೇವ ಉಂಗುರದೊಡನೆ ಮುಂಚಿತವಾಗಿಯೇ ಬೆಟ್ಟವೇರಿ ಬಂದಿದ್ದ. "ಬೀಚಯ್ಯ, ರಸ ಸಿದ್ಧವಿದ್ದರೆ ಮಾತ್ರ ಹೇಳು. ಇಲ್ಲವಾದರೆ ಪಾನಕದಲ್ಲೇ ಪಟ್ಟಾಭಿಷೇಕವಾಗಲಿ" ಎಂದು ಅವನು ನಗುತ್ತ ಕೇಳಿದಾಗ, ಬೀಚಯ್ಯ ಕ್ಷಣ ತಡೆದು, "ಸಿದ್ಧವಿದೆ, ಒಡೆಯಾ" ಎಂದಿದ್ದ. ಎರಡು ಹರವಿಗಳಿಗೆ ಮುದ್ರೆ ಬಿತ್ತು. ಅವುಗಳ ಜೊತೆ ಬೀಚಯ್ಯನೂ ಇಳಿದು ಬಂದ.

ಪಟ್ಟಾಭಿಷೇಕದಂದು ಸಭಾಮಂಟಪದಲ್ಲಿ, ಎರಡು ಮೂರು ದಿನ ಅಡುಗೆಮನೆಯ ಮಗ್ಗುಲಲ್ಲಿದ್ದ ಹರವಿಯೊಂದನ್ನು ಹೊತ್ತು ತಂದು ಸಿಂಹಾಸನದ ಮುಂದೆ ಇಳಿಸುತ್ತಿದ್ದಂತೆಯೇ ಅದು ಸಿಡಿದು ಹೋಳಾಯಿತು. ಕೆನ್ನೊರೆ ಬುಸುಗುಟ್ಟುತ್ತ ಅರಸನ ಪಾದದವರೆಗೆ ಹರಿಯಿತು. ದಂಡನಾಯಕ ಮಾಳಿಗರಸನೆಂಬವನಿಗೆ ತರುಣ ಅರಸನ ಕಿವಿ ತನ್ನೊಬ್ಬನದೇ ಆಗಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. "ಪ್ರಭು, ಇದು ಕಾಳಕೂಟ. ಮಧು ಕುದಿಯುವುದಿಲ್ಲ, ವಿಷ ಕುದಿಯುತ್ತದೆ. ಮುದ್ರೆ ಯಾರದೆಂದು ತಾವೇ ನೋಡಬಹುದು" ಎಂದ. ಮುದ್ರೆಯೊತ್ತಿದವನೇ ಹರವಿಗೆ ಹೊಣೆಯೆಂಬುದು ರಾಜ್ಯದ ನ್ಯಾಯ. ಮೂವತ್ತು ವರ್ಷ ಸೇವೆ ಸಲ್ಲಿಸಿದ ಬೊಪ್ಪದೇವನನ್ನು ಸೆರೆಮನೆಗೆ ಒಯ್ದರು.

ಮರುದಿನ ಮಧ್ಯಾಹ್ನ ಮಾಳಿಗರಸ ಬಳೆಗಾರರ ಕೇರಿಗೆ ತಾನೇ ಬಂದು ಜಕ್ಕವ್ವೆಯ ಜಗಲಿಯ ಮೇಲೆ ಕುಳಿತು, ಅಲ್ಲಿ ಇಳಿದುಕೊಂಡಿದ್ದ ಬೀಚಯ್ಯನನ್ನು ಎದುರಿಗೆ ಕರೆದ.

"ಮುದ್ರೆಯೊತ್ತುವ ಮುನ್ನ ಪ್ರಧಾನರು ಹರವಿಗೆ ಏನೋ ಪುಡಿ ಸುರಿದುದನ್ನು ನೀನು ಕಂಡೆ. ಹೌದು ತಾನೇ?"

"ಕಾಣಲಿಲ್ಲ, ಒಡೆಯಾ."

"ಕಂಡಿದ್ದರೆ ಈ ಪಕ್ಕದ ಮನೆ ನಿನ್ನದು. ಅರಮನೆಯ ಉಗ್ರಾಣದಲ್ಲಿ ಕೆಲಸ. ದಿನವೂ ಮಗಳ ಕೈಯ ಅನ್ನ. ನಿಜ ಹೇಳಿದರೆ ಬೊಪ್ಪದೇವನಿಗೆ ಬಿಡುಗಡೆ ಸಿಕ್ಕೀತು. ನಿನಗೆ ಸಿಗುವುದು ಮತ್ತೆ ಅದೇ ಬೆಟ್ಟ."

ಅವನು ಹೋದ ಮೇಲೆ ಜಕ್ಕವ್ವೆ ಪಕ್ಕದ ಮನೆಯ ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದಳು. "ಅಪ್ಪಾ, ನಾನೇನೂ ಹೇಳುವುದಿಲ್ಲ" ಎಂದಳು. ಹೇಳಿದ್ದರೇ ಮುದುಕನಿಗೆ ಹಗುರವಾಗುತ್ತಿತ್ತು.

ವಿಚಾರಣೆಯ ದಿನ ಬೀಚಯ್ಯ ತುಂಬಿದ ಸಭೆಯಲ್ಲಿ ಕೈಮುಗಿದು ನಿಂತ.

"ಪ್ರಭು, ಹರವಿಯಲ್ಲಿ ವಿಷವಿರಲಿಲ್ಲ, ನನ್ನ ಸುಳ್ಳಿತ್ತು. ಮುದ್ರೆಯ ದಿನ ರುಚಿ ನೋಡಿದಾಗ ನಾಲಗೆಗೆ ಸಿಹಿ ಹತ್ತಿತು. ಸಿಹಿಯಿದ್ದರೆ ರಸದ ಕೆಲಸ ಮುಗಿದಿಲ್ಲ, ಚಳಿಗೆ ಮಲಗಿದೆ ಅಷ್ಟೇ. ಅದು ಗೊತ್ತಿದ್ದೂ ಸಿದ್ಧವಿದೆಯೆಂದೆ. ಅಡುಗೆಮನೆಯ ಕಾವು ತಾಗಿ ಅದು ಎದ್ದಿತು, ಬಾಯಿ ಕಟ್ಟಿದ್ದರಿಂದ ಹರವಿ ಒಡೆಯಿತು."

"ಗೊತ್ತಿದ್ದೂ ಏಕೆ ಹಾಗೆಂದೆ?" ಎಂದು ಅರಸ ಕೇಳಿದ.

"ಬೆಟ್ಟ ಇಳಿಯಬೇಕಿತ್ತು, ಪ್ರಭು. ಮಗಳ ಮುಖ ನೋಡಬೇಕಿತ್ತು. ಹರವಿಗೆ ಕಿವಿಯಿಟ್ಟು ಸದ್ದು ಕೇಳುವುದು ನನ್ನ ಕಸುಬು. ಒಮ್ಮೊಮ್ಮೆ ಆ ಸದ್ದನ್ನೇ ಮಾತೆಂದುಕೊಂಡು ಉತ್ತರ ಕೊಟ್ಟದ್ದುಂಟು. ರಸ ಮಲಗಿದ ಮೇಲೆ ಆ ಜೊತೆಯೂ ಇರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಹಾಗಾಯಿತು."

ಸಭೆಯಲ್ಲಿ ಕೆಲವರು ನಕ್ಕರು. ಹೆಂಗಸರ ಸಾಲಿನಲ್ಲಿ ಜಕ್ಕವ್ವೆ ಮುಖ ಮುಚ್ಚಿಕೊಂಡಳು. ದಂಡನಾಯಕ ತನಗೆ ಮನೆಯ ಆಸೆ ತೋರಿಸಿದ್ದನ್ನೂ ಬೀಚಯ್ಯ ಮುಚ್ಚಿಡಲಿಲ್ಲ. ಎರಡನೆಯ ಹರವಿ ಅರಮನೆಯ ಬಾವಿಯ ತಣ್ಣನೆಯ ಗೂಡಿನಲ್ಲಿ ಇನ್ನೂ ಮುದ್ರೆಯೊಡನಿತ್ತು. ಅರಸನ ಅಪ್ಪಣೆಯಂತೆ ಅದನ್ನು ತಂದು, ಎಲ್ಲರ ಎದುರಿಗೆ ಅಡುಗೆಮನೆಯ ಗೋಡೆಗೆ ಒತ್ತಿ ನಿಲ್ಲಿಸಿ, ಅರಸನ ಅಂಗರಕ್ಷಕರು ಸುತ್ತ ಕಾವಲು ನಿಂತರು. ಮೂರನೆಯ ದಿನದ ಸೂರ್ಯಾಸ್ತದೊಳಗೆ ಅದು ಏಳದಿದ್ದರೆ ಬೊಪ್ಪದೇವನಿಗೂ ಬೀಚಯ್ಯನಿಗೂ ಶೂಲವೆಂದು ತೀರ್ಮಾನವಾಯಿತು.

ಮೊದಲ ದಿನ ಹರವಿಯಲ್ಲಿ ಸದ್ದಿಲ್ಲ. ಎರಡನೆಯ ದಿನವೂ ಇಲ್ಲ. "ಹರವಿ ಮೌನವ್ರತ ಹಿಡಿದಿದೆ" ಎಂದು ಮಾಳಿಗರಸ ಹಾಸ್ಯ ಮಾಡಿದ. ಬೀಚಯ್ಯ ಅದರ ಬದಿಯಲ್ಲೇ ಕುಳಿತಿದ್ದ. ಅವನಿಗೆ ನಿಜಕ್ಕೂ ಭಯವಾಗಿತ್ತು. ಸುಳ್ಳಿಗೆ ತಾನು ಸಾಯುವುದು ಸರಿ, ಆದರೆ ತನ್ನನ್ನು ನಂಬಿ ಉಂಗುರವೊತ್ತಿದವನು ಸಾಯುವುದೇ? ಮೂರನೆಯ ದಿನ ಮಧ್ಯಾಹ್ನ ಅವನು ಹರವಿಗೆ ಕಿವಿಯಿಟ್ಟು, ಮೆಲ್ಲನೆ ಎದ್ದು, ಅರಸನಿಗೆ ದಾರಿ ಬಿಟ್ಟು ನಿಂತ. ಕಂಚರಸ ಕಿರೀಟ ತೆಗೆದಿಟ್ಟು, ಮಣ್ಣಿನ ಹರವಿಗೆ ಕಿವಿ ಹಚ್ಚಿದ.

"ಪಿಸುಗುಟ್ಟುತ್ತಿದೆ" ಎಂದ.

ಅರಗು ಕಿತ್ತೊಡನೆ ಅದೇ ಕೆನ್ನೊರೆ ಉಕ್ಕಿ ಬಂತು. ಬೀಚಯ್ಯ ಒಂದು ಬಟ್ಟಲು ಕುಡಿದ. ಒಂದು ಜಾವ ಕಾದರೂ ಅವನಿಗೆ ಏನೂ ಆಗಲಿಲ್ಲ. ಬೊಪ್ಪದೇವ ಸೆರೆಮನೆಯಿಂದ ಮರ್ಯಾದೆಯೊಡನೆ ಹೊರಬಂದ. ಮಾಳಿಗರಸನ ಕತ್ತಿಯನ್ನು ಕಸಿದು ಅವನನ್ನು ಗಡಿಯಾಚೆ ಅಟ್ಟಿದರು. ಬೀಚಯ್ಯನ ಸುಳ್ಳಿಗೆ ಶಿಕ್ಷೆಯನ್ನು ಪ್ರಧಾನನೇ ನಿರ್ಣಯಿಸಲೆಂದು ಅರಸ ಅಪ್ಪಣೆ ಮಾಡಿದ.

ಆ ಸಂಜೆ ಬೊಪ್ಪದೇವ ಬಳೆಗಾರರ ಕೇರಿಗೆ ನಡೆದೇ ಬಂದ. "ನಿನ್ನನ್ನು ಹನ್ನೊಂದು ವರ್ಷ ಅಲ್ಲಿ ಒಂಟಿಯಾಗಿ ಬಿಟ್ಟದ್ದು ನಮ್ಮ ತಪ್ಪು. ಬೆಟ್ಟಕ್ಕೆ ಬೇರೆಯವರನ್ನು ಕಳುಹಿಸುತ್ತೇನೆ. ಪಕ್ಕದ ಮನೆಯಲ್ಲಿ ನೀನಿರು" ಎಂದ.

ಬೀಚಯ್ಯ ಪಕ್ಕದ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ಕೈಮುಗಿದ. "ದಂಡನಾಯಕರು ಕೊಡುತ್ತೇನೆಂದದ್ದೂ ಇದೇ ಮನೆ, ಒಡೆಯಾ. ಅದನ್ನೇ ತಮ್ಮ ಕೈಯಿಂದ ಪಡೆದರೆ, ಮುದುಕ ಹೆಚ್ಚು ಕೊಟ್ಟವರಿಗೆ ಸಾಕ್ಷಿ ಮಾರಿದ ಎಂದು ಊರು ಆಡುತ್ತದೆ. ಆಗ ತಾವು ನಿರಪರಾಧಿಯೆಂದು ಯಾರು ನಂಬುತ್ತಾರೆ?"

ಬೊಪ್ಪದೇವ ತಲೆಯಾಡಿಸಿದ. ರಾಜನೀತಿ ಬಲ್ಲವನಾದ್ದರಿಂದ ಮುದುಕನ ಮಾತು ದಿಟವೆಂದು ಅವನಿಗೆ ತಿಳಿದಿತ್ತು. "ಹಾಗಾದರೆ, ನಮ್ಮಿಬ್ಬರದು ಒಳಸಂಚೆಂದು ಊರು ಆಡದಿರಲು, ಇನ್ನು ನಾನೂ ಮುದ್ರೆಯೊತ್ತಲು ಮೇಲೆ ಬರಲಾಗದು" ಎಂದ.

"ಬರಬಾರದು, ಒಡೆಯಾ."

ಪ್ರಧಾನ ಮುದುಕನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬಿಟ್ಟು, ಹೊರಟುಹೋದ.

ಜಕ್ಕವ್ವೆ ಬೆಟ್ಟದ ಬುಡದವರೆಗೆ ಬಂದಳು. ದಾರಿಯಲ್ಲಿ ತಂದೆ ಮಗಳು ಮಳೆ ಬೆಳೆಯ ಮಾತಾಡಿದರು. ಅಗಲುವಾಗ ಅವಳು, "ಒಬ್ಬನೇ ಹೇಗಿರುತ್ತೀಯಪ್ಪಾ?" ಎಂದು ಅತ್ತಳು. "ಇಷ್ಟು ದಿನ ಇದ್ದೆನಲ್ಲವ್ವಾ" ಎಂದು ಅವನು ಅವಳ ತಲೆ ಸವರಿ ಮೇಲೇರಿದ.

ಸಂಜೆಗೆ ತೋಟ ಮುಟ್ಟಿದ. ಮಂಜು ಬಳ್ಳಿಗಳ ಮೇಲೆ ಇಳಿಯುತ್ತಿತ್ತು. ಬಾಗಿಲ ಅಗುಳಿ ಸರಿಸಿ, ಮಗಳ ಮನೆಯ ಏಳೆಂಟು ದಿನಗಳಲ್ಲಿ ಅಂಟಿಕೊಂಡ ಅಭ್ಯಾಸದಿಂದ, "ಬಂದೆ ಕಣವ್ವಾ" ಎಂದ. ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಬಳಿಕ ಒಳಗೆ ಹೋಗಿ ಒಲೆ ಹಚ್ಚಿದ.