ಸ್ಟೇಷನ್ ಪಕ್ಕದ ಹೊಲ

ಸರ್ವಮಂಗಳಾ ಗೂಟ ಕೀಳುತ್ತಿರುವಾಗಲೇ ಸಿಕ್ಕಿಬಿದ್ದಳು.

"ಸರ್ಕಾರದ ಗೂಟ ಕಣ್ರೀ ಅದು!"

ತಿರುಗಿದರೆ ಸರ್ವೆಯರ್ ನಂದೀಶ್ವರಯ್ಯ. ಕೊರಟಗೆರೆಗೆ ರೈಲು ಬರುವ ಮಾತಿತ್ತು. ಸ್ಟೇಷನ್ ಸುತ್ತ ಮನೆಗಳಿಗೆ ಯಾವ ಜಮೀನು ಬಿಡಬೇಕೆಂದು ಗುರುತಿಸಲು ಅವನು ತುಮಕೂರಿನಿಂದ ಬಂದಿದ್ದ.

"ಹೊಲ ಹೋಗುತ್ತೆ ಅಂತ ಸಿಟ್ಟಾ?"

"ಹೋಗ್ತಿಲ್ವಲ್ಲ ಅಂತ ಸಿಟ್ಟು! ನಮ್ಮ ಹೊಲಾನೂ ಸೇರಲಿ ಅಂತ ಗೂಟ ಈಚೆಗೆ ನೆಡ್ತಿದ್ದೆ."

ಅವನು ನಕ್ಕುಬಿಟ್ಟ. ಅವಳ ಕೆನ್ನೆಗೆ ಮಣ್ಣು ಮೆತ್ತಿತ್ತು. ಅದನ್ನೇ ನೋಡುತ್ತಾ ನಿಂತ.

ತುಮಕೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಗಳು ಪರವೂರಲ್ಲಿ ಒಂಟಿಯಾಗಿರುವುದು ಅಪ್ಪ ಚನ್ನಮಲ್ಲಯ್ಯನಿಗೆ ಒಪ್ಪಿಗೆಯಿರಲಿಲ್ಲ.

"ಹೊಲ ಕೊಟ್ಟೋರಿಗೆ ಅಲ್ಲೇ ಸೈಟು ಕೊಡ್ತಾರಂತೆ. ಸ್ಟೇಷನ್ ಪಕ್ಕ ಮನೆಯಿದ್ರೆ ಬೆಳಿಗ್ಗೆ ರೈಲಲ್ಲಿ ಹೋಗಿ ಸಂಜೆ ಬಂದ್ಬುಡಬಹುದು. ಹೊಲದಾಗೆ ಒಂಟಿ ಮನೆ ಅಂದ್ರೆ ಅಪ್ಪಯ್ಯ ಬರಲ್ಲ. ನೆರೆಹೊರೆ ಇದ್ರೆ ಬರ್ತಾರೆ."

"ನೀವು ಹೇಳಿದ್ರಿ ಅಂತ ಬದಲಾಯಿಸೋಕಾಗಲ್ಲ," ಎಂದ. "ಇನ್ನೊಂದು ಸಲ ನೋಡ್ತೀನಿ."

ಮಳೆ ಬಂದ ಮರುದಿನ ನೋಡಿದ. ಅವನು ಮೊದಲು ಗುರುತಿಸಿದ್ದ ಜಾಗದಲ್ಲಿ ಕೆರೆಯ ನೀರು ನಿಂತಿತ್ತು. ಅವಳ ಹೊಲ ಎತ್ತರದಲ್ಲಿದ್ದು, ನೀರು ನಿಲ್ಲದೆ ಆರಿತ್ತು. ತಪ್ಪು ತನ್ನದೇ, ಈ ಹೊಲವನ್ನು ಸೇರಿಸಬೇಕು ಎಂದು ಮೇಲಿನವರಿಗೆ ಬರೆದು, ಚನ್ನಮಲ್ಲಯ್ಯನ ಜಗಲಿಗೆ ಬಂದ.

"ನಮ್ಮಪ್ಪ ಉತ್ತ ಹೊಲ ಕಣಯ್ಯ! ಅದ್ರಾಗೆ ಬೀದಿ ಹೆಂಗೆ ಮಾಡ್ತೀಯ?" ಎಂದು ಚನ್ನಮಲ್ಲಯ್ಯ ಗುಡುಗಿದ.

ಸರ್ವಮಂಗಳಾ ಬಾಗಿಲ ಮರೆಯಿಂದ ಈಚೆ ಬಂದಳು. "ನಾನೇ ಕೇಳಿದ್ದು, ಅಪ್ಪಯ್ಯ. ನಿಮ್ಮನ್ನೂ ಬಿಡಬಾರದು, ಕೆಲಸಾನೂ ಬಿಡಬಾರದು ಅಂತ."

ಚನ್ನಮಲ್ಲಯ್ಯ ಮಗಳನ್ನು ನೋಡಿದ. ಆಮೇಲೆ, ಮಜ್ಜಿಗೆ ಲೋಟ ಹಿಡಿದು ಮಗಳನ್ನೇ ನೋಡುತ್ತಿದ್ದ ಸರ್ವೆಯರನನ್ನು ನೋಡಿದ.

"ಮಜ್ಜಿಗೆ ಕುಡಿಯಪ್ಪಾ. ನಿನ್ನ ಪಂಚೆ ಕುಡೀತೈತೆ."

ನಂದೀಶ್ವರಯ್ಯ ಲೋಟ ನೆಟ್ಟಗೆ ಹಿಡಿದ. ಸರ್ವಮಂಗಳಾ ಸೆರಗಿನಿಂದ ನಗು ಮುಚ್ಚಿಕೊಂಡಳು.

"ಆಗ್ಲಿ, ಬೀದಿ ಮಾಡ್ರಿ," ಎಂದು ಚನ್ನಮಲ್ಲಯ್ಯ ಎದ್ದುಹೋದ.

ಸೈಟುಗಳಿಗೆ ಗಡಿಕಲ್ಲು ನೆಡಿಸುವ ದಿನ ನಂದೀಶ್ವರಯ್ಯ ಮೂಲೆಯ ಸೈಟಿನಲ್ಲಿ ನಿಂತು ಸರ್ವಮಂಗಳಾಳನ್ನು ಕರೆದ.

"ಇದಕ್ಕೆ ನಾನೂ ಅರ್ಜಿ ಹಾಕ್ತೀನಿ."

"ನಿಮಗ್ಯಾಕೆ ಇಲ್ಲಿ ಮನೆ?"

"ಬೆಳಿಗ್ಗೆ ರೈಲಲ್ಲಿ ನಿಮ್ಮ ಪಕ್ಕ ಕೂರೋಕೆ."

ಅವಳ ಕಿವಿ ಬಿಸಿಯಾಯಿತು. "ಪಕ್ಕ ಕೂರೋಕೆ ಸೈಟು ಸಾಲದು. ಅಪ್ಪಯ್ಯನ್ನ ಕೇಳಿ."

"ಅವರನ್ನ ಕೇಳ್ತೀನಿ. ಮೊದಲು ನಿಮ್ಮನ್ನ ಕೇಳ್ತಿದ್ದೀನಿ."

"ಹೂಂ," ಎಂದಳು. ಎಲ್ಲಿ ಕೇಳಿಸಲಿಲ್ಲವೋ ಎಂದು, "ಹೂಂ ಅಂದೆ ಕಣ್ರೀ," ಎಂದಳು.

ರೈಲು ಯಾವಾಗ ಬರುತ್ತದೋ ಯಾರಿಗೂ ತಿಳಿದಿರಲಿಲ್ಲ. ಮದುವೆ ಮಾತ್ರ ವೈಶಾಖದಲ್ಲೇ ಆಯಿತು. ಸರ್ವಮಂಗಳಾ ಗಂಡನ ಜೊತೆ ತುಮಕೂರಿಗೆ ಹೊರಟಳು. ಶಾಲೆ ಅವನ ಮನೆಯ ಹತ್ತಿರವೇ ಇತ್ತು.

"ಹಂಗಾದ್ರೆ ನನ್ನ ಹೊಲ ಯಾಕ್ರಪ್ಪಾ ತಗೊಂಡ್ರಿ?" ಎಂದ ಚನ್ನಮಲ್ಲಯ್ಯ.

"ರೈಲು ಬಂದ ಮೇಲೆ, ಭಾನುವಾರ ಇಳಿದ ಕೂಡ್ಲೇ ನಿಮ್ಮನ್ನ ನೋಡಬೇಕಲ್ಲ, ಅಪ್ಪಯ್ಯ," ಎಂದು ಅವಳು ಅಪ್ಪನ ಕೈ ಹಿಡಿದುಕೊಂಡಳು.