ಒಂಬತ್ತು ಪ್ಲಸ್ ನಾಲ್ಕು

“ಯಮಂದು! ಯಮಂದು!”

ಐದನೇ ಕ್ಲಾಸಿನ ಮಕ್ಕಳೆಲ್ಲ ಬೆಂಚು ಬಡಿಯುತ್ತಿದ್ದರು. ಮಗಾಲಿಯ ಲ್ಯಾಪ್‌ಟಾಪಿನ ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಒಂದೇ ಸಾಲು ಇತ್ತು: ‘ನಮ್ಮ ಗೋಲ್‌ಕೀಪರ್: ಯಮಂದು’.

ಸಾಲ್ತೊ ಊರಿನ ಆ ಶಾಲೆಯಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಶುರುಮಾಡಿ ಒಂದು ತಿಂಗಳಾಗಿತ್ತು, ಅಷ್ಟೆ. ಗೋಲ್‌ಕೀಪರನ್ನು ಆರಿಸುವ ಪ್ರೋಗ್ರಾಂ ಯಾರು ಬರೆಯುತ್ತೀರಿ ಎಂದು ಗ್ರಾಸಿಯೆಲಾ ಟೀಚರ್ ಕೇಳಿದಾಗ ಮಗಾಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು.

ಏಳು ಮಕ್ಕಳು ಗೋಲಿಗೆ ನಿಂತಿದ್ದರು. ಒಬ್ಬೊಬ್ಬರಿಗೂ ಸೋಮವಾರ ಹನ್ನೆರಡು ಪೆನಾಲ್ಟಿ, ಬುಧವಾರ ಮತ್ತೆ ಹನ್ನೆರಡು. ಯಾರು ಎಷ್ಟು ತಡೆದರು ಎಂದು ಮೊದಲ ದಿನ ಟೀಚರ್, ಎರಡನೇ ದಿನ ಆಟದ ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮಗಾಲಿ ಅದನ್ನೆಲ್ಲ ಟೈಪ್ ಮಾಡಿದಳು. ಎರಡನ್ನೂ ಕೂಡಿಸಿ, ಯಾರದು ಹೆಚ್ಚು ಎಂದು ಹೇಳುವುದು ಪ್ರೋಗ್ರಾಮಿನ ಕೆಲಸ.

ಯಮಂದು ಅವಳ ಪಕ್ಕದ ಮನೆಯ ಹುಡುಗ. ಒಂದನೇ ಕ್ಲಾಸಿನಿಂದಲೂ ಗೆಳೆಯ. ಅವನು ಕುಣಿಯುವುದನ್ನು ನೋಡಿ ಮಗಾಲಿಗೆ ತಾನೇ ಗೆದ್ದಷ್ಟು ಖುಷಿಯಾಯಿತು.

ನೊಯೆಲಿಯಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳೂ ಗೋಲಿಗೆ ನಿಂತವಳೇ.

“ನಾನು ಹದಿನಾಲ್ಕೋ ಹದಿನೈದೋ ತಡೆದಿದ್ದೆ. ಯಮಂದುದು ಎಷ್ಟು?” ಎಂದು ಕೇಳಿದಳು.

“ಅದು ಎಷ್ಟು ಅಂತ ತೋರ್ಸಲ್ಲ ಕಣೇ. ಹೆಸರು ಮಾತ್ರ ತೋರ್ಸುತ್ತೆ,” ಎಂದಳು ಮಗಾಲಿ.

“ಯಮಂದು, ನಿಂದೆಷ್ಟು?”

“ನಾನೇನು ಎಣಿಸ್ಕೊಂಡು ಕೂತಿದ್ನಾ? ಕಂಪ್ಯೂಟರ್‌ಗಿಂತ ನಿಂಗೆ ಜಾಸ್ತಿ ಗೊತ್ತಾ?”

ಎಲ್ಲರೂ ನಕ್ಕರು. ಮಗಾಲಿಯೂ ನಕ್ಕಳು. ನೊಯೆಲಿಯಾ ಬಗ್ಗಿ ಶೂ ಲೇಸು ಕಟ್ಟತೊಡಗಿದಳು. ಒಂದು ಲೇಸು ಕಟ್ಟಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದ ಮಗಾಲಿ ಶಾಲೆಯ ಬಿಳಿ ಮೇಲಂಗಿ ಕಳಚಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಒಲೆಯ ಬಳಿ ಅಜ್ಜಿ ಹಿಟ್ಟು ತಟ್ಟಿ ತೊರ್ತಾ ಕರಿಯುತ್ತಿದ್ದಳು. ನೊಯೆಲಿಯಾಗೆ ಮೊತ್ತವನ್ನೂ ತೋರಿಸಿಬಿಟ್ಟರೆ ಅವಳ ಅನುಮಾನ ಹೋಗುತ್ತದೆ ಎಂದುಕೊಂಡು ಮಗಾಲಿ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದಳು.

ಪರದೆಯ ಮೇಲೆ ಬಂತು: ‘ಯಮಂದು: 94’.

ಮಗಾಲಿ ಕಣ್ಣುಜ್ಜಿಕೊಂಡಳು. ಒದ್ದಿದ್ದೇ ಇಪ್ಪತ್ನಾಲ್ಕು ಚೆಂಡು. ಅದರಲ್ಲಿ ತೊಂಬತ್ತನಾಲ್ಕು ತಡೆಯುವುದು ಹೇಗೆ? ಚೀಟಿ ನೋಡಿದಳು. ಯಮಂದು ಮೊದಲ ದಿನ ಒಂಬತ್ತು, ಎರಡನೇ ದಿನ ನಾಲ್ಕು.

“ಅಜ್ಜೀ, ಒಂಬತ್ತಕ್ಕೆ ನಾಲ್ಕು ಕೂಡಿಸಿದ್ರೆ ಎಷ್ಟು?”

“ಹದಿಮೂರು. ಯಾಕೆ, ಶಾಲೇಲಿ ಬದಲಾಯಿಸಿಬಿಟ್ರಾ?”

ಪ್ಲಸ್ ಚಿಹ್ನೆ ತೆಗೆದು ಮೈನಸ್ ಹಾಕಿ ನೋಡಿದಳು. ಐದು ಬಂತು. ಸರಿ. ಗುಣಿಸಲು ನಕ್ಷತ್ರದ ಚಿಹ್ನೆ ಹಾಕಿದಳು. ಮೂವತ್ತಾರು. ಅದೂ ಸರಿ. ಮತ್ತೆ ಪ್ಲಸ್ ಹಾಕಿದರೆ ಅದೇ ತೊಂಬತ್ತನಾಲ್ಕು!

“ಕಳೆಯೋಕೆ ಬರುತ್ತೆ, ಗುಣಿಸೋಕೆ ಬರುತ್ತೆ, ಕೂಡಿಸೋಕೆ ಬರಲ್ವಾ ನಿಂಗೆ?” ಎಂದು ಲ್ಯಾಪ್‌ಟಾಪನ್ನೇ ಗದರಿದಳು.

ಟೈಪ್ ಮಾಡಿ ತುಂಬಿಸುವ ಬದಲು, ಪ್ರೋಗ್ರಾಮಿನ ಒಳಗೇ ನೇರವಾಗಿ 9 + 4 ಎಂದು ಬರೆದಳು. ಈಗ ಹದಿಮೂರು ಬಂತು! ಅದೇ ಒಂಬತ್ತು, ಅದೇ ನಾಲ್ಕು, ಅದೇ ಪ್ಲಸ್. ಮಗಾಲಿಯ ತಲೆ ಗಿರ್ರೆಂದಿತು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಏನೂ ಬದಲಾಗಲಿಲ್ಲ.

ಕೆನ್ನೆಗೆ ಕೈ ಕೊಟ್ಟು ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ಓದಿದಳು. ಕೊನೆಯ ಸಾಲಿಗೆ ಬಂದಾಗ ಕಣ್ಣು ನಿಂತಿತು. ‘ನಮ್ಮ ಗೋಲ್‌ಕೀಪರ್:’ ಎನ್ನುವ ಮಾತಿಗೆ ಹೆಸರು ಸೇರಿಸಲು ಅವಳೇ ಅಲ್ಲಿ ಪ್ಲಸ್ ಹಾಕಿದ್ದಳು. ಅಲ್ಲಿ ಅದು ಏನನ್ನೂ ಕೂಡಿಸಿರಲಿಲ್ಲ. ಒಂದರ ಪಕ್ಕ ಇನ್ನೊಂದನ್ನು ಅಂಟಿಸಿತ್ತು.

ಒಂಬತ್ತರ ಪಕ್ಕ ನಾಲ್ಕು ಅಂಟಿಸಿದರೆ?

“ಅಯ್ಯೋ!” ಎಂದಳು ಮಗಾಲಿ.

ಟೈಪ್ ಮಾಡಿದ್ದೆಲ್ಲ, ಹೆಸರು ಇದ್ದ ಹಾಗೆ, ಬರೀ ಅಕ್ಷರ ಎಂದು ಕಂಪ್ಯೂಟರ್ ಅಂದುಕೊಂಡಿತ್ತು. ಮೈನಸ್‌ಗೆ ಅಂಟಿಸುವ ಕೆಲಸವೇ ಇಲ್ಲ, ಅದಕ್ಕೇ ಅದು ತಪ್ಪಿರಲಿಲ್ಲ. ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡಲು ‘ನಂಬರ್’ ಎಂಬ ಪದ ಹಾಕಬೇಕು ಎಂದು ಟೀಚರ್ ಬರೆಸಿದ್ದು ನೋಟ್‌ಬುಕ್ಕಿನಲ್ಲಿತ್ತು. ಯಾಕೆಂದು ತಿಳಿಯದೆ ಬರೆದುಕೊಂಡಿದ್ದಳು. ಈಗ ಆ ಪದವನ್ನು ಎರಡೂ ದಿನದ ಅಂಕಿಗೆ ಸೇರಿಸಿ, ಎಲ್ಲರ ಮೊತ್ತವೂ ಕಾಣುವಂತೆ ಮಾಡಿದಳು.

‘ಯಮಂದು: 13’. ‘ನೊಯೆಲಿಯಾ: 15’.

ಸರಿಹೋಯಿತೆಂದು ಕುಣಿಯಲು ಎದ್ದವಳು ಹಾಗೇ ಕುಳಿತುಬಿಟ್ಟಳು.

ಹೊರಗೆ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು. ಯಮಂದು ಅಪ್ಪನ ಗ್ಲೌಸ್ ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ. ಅವನ ಕೈಗೆ ಅವು ತೀರಾ ದೊಡ್ಡವು. ಮಗಾಲಿ ಹೊರಗೆ ಹೋಗಿ ನಡೆದದ್ದನ್ನು ಹೇಳಿದಳು. ಅವನು ಚೆಂಡು ಹಿಡಿದು ನಿಂತ.

“ಇದು ಯಾರಿಗೆಲ್ಲ ಗೊತ್ತು?”

“ನಂಗೆ. ಈಗ ನಿಂಗೆ.”

“ಹಾಗಾದ್ರೆ ಸುಮ್ನಿರು. ಶನಿವಾರ ಮ್ಯಾಚ್‌ಗೆ ನಮ್ಮ ಮನೇವ್ರೆಲ್ಲ ಬರ್ತಿದಾರೆ.”

“ಆದ್ರೆ ನೊಯೆಲಿಯಾದು ಹದಿನೈದು ಕಣೋ...”

“ನೀನು ನನ್ನ ಫ್ರೆಂಡಾ, ಅವಳ ಫ್ರೆಂಡಾ?”

ಮಗಾಲಿ ಒಳಗೆ ಬಂದು ಮೇಜಿನ ಮುಂದೆ ಕುಳಿತಳು. ಅವಳು ನೊಯೆಲಿಯಾಳ ಫ್ರೆಂಡ್ ಅಲ್ಲ. ಅವಳ ಮನೆ ಎಲ್ಲಿದೆ ಎಂದೂ ಗೊತ್ತಿಲ್ಲ. ಆದರೂ ಆ ಶೂ ಲೇಸು ಕಣ್ಣಮುಂದೆಯೇ ಇತ್ತು. ಅಜ್ಜಿ ತಟ್ಟೆಗೆ ಹಾಕಿದ ಬಿಸಿ ತೊರ್ತಾ ಆರಿ ತಣ್ಣಗಾಯಿತು.

ಮರುದಿನ ಬೆಳಿಗ್ಗೆ, ಟೀಚರ್ ಹಾಜರಿ ಕರೆಯುವ ಮೊದಲೇ ಮಗಾಲಿ ಎದ್ದು ನಿಂತಳು.

“ಟೀಚರ್, ನನ್ನ ಪ್ರೋಗ್ರಾಂ ತಪ್ಪು. ಅದು ಕೂಡಿಸಿಲ್ಲ, ಅಂಟಿಸಿದೆ. ಜಾಸ್ತಿ ತಡೆದಿದ್ದು ನೊಯೆಲಿಯಾ.”

ಟೀಚರ್ ಚೀಟಿಗಳನ್ನು ತರಿಸಿ, ಬೋರ್ಡಿನ ಮೇಲೆ ಏಳೂ ಜನರ ಲೆಕ್ಕವನ್ನು ಕೂಡಿಸಿದರು. ನೊಯೆಲಿಯಾಳ ಹದಿನೈದೇ ಎಲ್ಲರಿಗಿಂತ ಹೆಚ್ಚು. ಟೀಚರ್ ಸೀಮೆಸುಣ್ಣ ಕೆಳಗಿಟ್ಟರು.

“ಚೀಟಿ ನನ್ನ ಕೈಯಲ್ಲೂ ಇತ್ತು. ನಾನೂ ಒಂದ್ಸಲ ಕೂಡಿಸಿ ನೋಡಲಿಲ್ಲ,” ಎಂದರು.

ಯಮಂದು ಡೆಸ್ಕಿನ ಮೇಲೆ ತಲೆ ಇಟ್ಟು ಮುಖ ಮುಚ್ಚಿಕೊಂಡ.

ಬಿಡುವಿನಲ್ಲಿ ಎಲ್ಲರೂ ಅಂಗಳಕ್ಕೆ ಓಡಿದರೂ ಅವನು ಏಳಲಿಲ್ಲ. ನೊಯೆಲಿಯಾ ಮಗಾಲಿಯ ಬಳಿ ಬಂದಳು. ಥ್ಯಾಂಕ್ಸ್ ಹೇಳಲಿಲ್ಲ.

“ನಿನ್ನೆ ನಾನು ಕೇಳಿದಾಗ್ಲೇ ನೋಡ್ಬಹುದಿತ್ತಲ್ವಾ?”

“ಹೂಂ,” ಎಂದಳು ಮಗಾಲಿ. ಅವಳು ಲ್ಯಾಪ್‌ಟಾಪ್ ತೆರೆದಳು.

“ಈಗ ಹಾಕು. ನಂದು ಏಳು, ಎಂಟು.”

ಮಗಾಲಿ ಟೈಪ್ ಮಾಡಿದಳು. ಹದಿನೈದು ಬಂತು. ನೊಯೆಲಿಯಾ ಅಷ್ಟಕ್ಕೇ ಬಿಡಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಒಂದೊಂದೇ ಬೆರಳು ಮಡಚುತ್ತಾ ಹೋದಳು. ಕೊನೆಗೆ, “ಸರಿಯಿದೆ,” ಎಂದಳು.

“ನಂದೂ ಹಾಕು,” ಎಂದಿತು ಹಿಂದಿನ ಬೆಂಚಿನಿಂದ ಯಮಂದುವಿನ ದನಿ. ತಲೆ ಇನ್ನೂ ಡೆಸ್ಕಿನ ಮೇಲೇ ಇತ್ತು.

ಮಗಾಲಿ ಒಂಬತ್ತು ಟೈಪ್ ಮಾಡಿದಳು, ನಾಲ್ಕು ಟೈಪ್ ಮಾಡಿದಳು. ಇನ್ನೇನು ಕೀ ಒತ್ತಬೇಕು, ಅಷ್ಟರಲ್ಲಿ ಕೈ ತಡೆದಳು. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಮಡಚಿದಳು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು.

ಆಮೇಲೆ ಕೀ ಒತ್ತಿದಳು.