ಅವಳ ಕಬ್ಬಿಣ, ಅವನ ಅನುಮಾನ

"ನಿಮ್ಮ ಕಬ್ಬಿಣ ನನ್ನ ಕೈಲಿ ಕೆಲಸಾನೇ ಮಾಡ್ತಿಲ್ಲ ರೀ."

ಲ್ಯಾಬಿಗೆ ಹೊಸದಾಗಿ ಸೇರಿದವನು ಅವಳೊಡನೆ ಆಡಿದ ಮೊದಲ ಮಾತೇ ಇದು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕಬ್ಬಿಣಕ್ಕೇನೂ ಆಗಿಲ್ಲ. ನಿಮ್ಮ ಕೈಗೇನಾಗಿದೆ ನೋಡ್ಕೊಳ್ಳಿ!"

ಅವನು ನಕ್ಕುಬಿಟ್ಟ. ಆ ನಗು ಚೆಂದವಿದೆ ಅನ್ನಿಸಿದ್ದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು.

ಹಲವು ಔಷಧಿಗಳನ್ನು ತಯಾರಿಸುವಾಗ ಅಣುಗಳನ್ನು ಬೆಸೆಯಲು ಪಲ್ಲಾಡಿಯಂ ಎಂಬ ದುಬಾರಿ ಲೋಹ ಬೇಕು. ಅದೇ ಕೆಲಸವನ್ನು ಎಲ್ಲೆಲ್ಲೂ ಸಿಗುವ ಕಬ್ಬಿಣದಿಂದ ಮಾಡಿಸುತ್ತೇನೆಂದು ಹಠ ಹಿಡಿದವಳು ಅವಳು. ಮಾಡಿಸಿಯೂ ಇದ್ದಳು! ಪ್ರಬಂಧವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿಯಾಗಿತ್ತು, ಅವಳ ಪಿಎಚ್‌ಡಿ ಅದರ ಮೇಲೇ ನಿಂತಿತ್ತು.

"ಆ ಕಬ್ಬಿಣಾನೇ ಕಟ್ಕೊಳ್ಳೇ, ಮದುವೆ ಖರ್ಚೂ ಉಳಿಯುತ್ತೆ" ಎಂದು ಅಕ್ಕ ಕಾಡುತ್ತಿದ್ದಳು.

ಜಗಳವಾಡುತ್ತಲೇ ಇಬ್ಬರೂ ಜೊತೆಗೆ ಚಹಾ ಕುಡಿಯುವುದು ರೂಢಿಯಾಯಿತು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಅಷ್ಟರಲ್ಲಿ ಗೈಡ್ ಕರೆಸಿದರು. "ಹೊಸಬ ಮಾಡಿದ್ರೆ ನಿನ್ನ ಫಲಿತಾಂಶ ಬರ್ತಿಲ್ವಂತಲ್ಲಮ್ಮ?"

ಅವಳಿಗೆ ನೆಲವೇ ಕುಸಿದಂತಾಯಿತು. ನೇರ ಅವನ ಬಳಿ ಹೋದಳು.

"ನನ್ನ ಜೊತೆ ಚಹಾ, ಅಲ್ಲಿ ಚಾಡಿ! ಅಲ್ವಾ?"

"ಸರ್ ತಾವಾಗೇ ಕೇಳಿದ್ರು ರೀ. ಸುಳ್ಳು ಹೇಳೋಕಾಗ್ಲಿಲ್ಲ... ಒಂದೇ ಒಂದು ಸಲ ಹೊಸ ಕಡ್ಡಿ ಹಾಕಿ ಮಾಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಫ್ಲಾಸ್ಕಿನೊಳಗೆ ತಿರುಗುತ್ತಾ ದ್ರಾವಣ ಕಲಕುವ ಪುಟ್ಟ ಮ್ಯಾಗ್ನೆಟ್ ಕಡ್ಡಿ ಅದು. ಅವಳದು ಹಿಂದೆ ಪಲ್ಲಾಡಿಯಂ ಕೆಲಸ ಮಾಡಿ ಹೋದ ಸೀನಿಯರ್ ಬಿಟ್ಟುಹೋದದ್ದು. ಅದೃಷ್ಟದ ಕಡ್ಡಿಯೆಂದು ಅವಳು ಬೇರೆಯದನ್ನು ಮುಟ್ಟಿಯೇ ಇರಲಿಲ್ಲ.

ಅವನ ಬಾಯಿ ಮುಚ್ಚಿಸಲೆಂದೇ ಹೊಸ ಕಡ್ಡಿ ಹಾಕಿದಳು. ಏನೂ ಬರಲಿಲ್ಲ. ಮತ್ತೊಮ್ಮೆ, ಕಬ್ಬಿಣವನ್ನೇ ಹಾಕದೆ ಹಳೆಯ ಕಡ್ಡಿಯೊಂದನ್ನೇ ಬಿಟ್ಟಳು.

ಬಂತು! ಕಬ್ಬಿಣವಿಲ್ಲದೆಯೇ ಬಂತು...

ಕಡ್ಡಿಯ ಗೀರುಗಳಲ್ಲಿ ಕೂತಿದ್ದ ಪಲ್ಲಾಡಿಯಂ ಇಷ್ಟು ದಿನ ಕೆಲಸ ಮಾಡಿತ್ತು, ಹೆಸರು ಕಬ್ಬಿಣಕ್ಕೆ ಬಂದಿತ್ತು. ಅವಳು ಸ್ಟೂಲಿನ ಮೇಲೆ ಕುಸಿದಳು. 'ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತೆ? ಇವನೊಬ್ಬನಿಗೆ...'

"ನಾನು ಬಾಯಿ ಬಿಡಲ್ಲ" ಎಂದ ಪಕ್ಕದಲ್ಲೇ ನಿಂತಿದ್ದ ಅವನು ಮೆಲ್ಲಗೆ. "ಹೇಳೋದು, ಬಿಡೋದು ನಿಮ್ಮಿಷ್ಟ."

ಅವಳು ಕಣ್ಣೊರೆಸಿಕೊಂಡು ಗೈಡ್ ಕೋಣೆಗೆ ಹೋದಳು. ಹೊರಗೆ ಬಂದಾಗ ಅವನು ಕಾರಿಡಾರಿನಲ್ಲೇ ನಿಂತಿದ್ದ.

"ಸರ್ ಪ್ರಬಂಧ ವಾಪಸ್ ತಗೋತಾರಂತೆ. ಮತ್ತೆ ಮೊದಲಿಂದ ಶುರು... ನನ್ನ ಹತ್ರ ಈಗ ಏನೂ ಉಳಿದಿಲ್ಲ ರೀ."

"ನಾನಿದ್ದೀನಲ್ಲ."

ಅವಳು ತಲೆಯೆತ್ತಿದಳು.

"ಕಡ್ಡಿ ಮೇಲೆ ಅನುಮಾನ ನಂಗೆ ಮೊದಲೇ ಇತ್ತು" ಎಂದ ಅವನು. "ಹೇಳಿದ್ರೆ ನೀವು ನನ್ನ ಮುಖಾನೂ ನೋಡಲ್ಲ ಅಂತ ಹೆದರಿದ್ದೆ. ನೀವಂದ್ರೆ... ನಂಗೆ ಪ್ರಾಣ."

"ನಾನು ಸುಮ್ನೆ ಮುಚ್ಚಿಟ್ಟಿದ್ದಿದ್ರೆ?"

"ಆಗ್ಲೂ ಪ್ರಾಣಾನೇ. ಆದ್ರೆ ನಿಮ್ಗೆ ಹೇಳ್ತಿರ್ಲಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವನ ಕೈ ಹಿಡಿದುಕೊಂಡಳು.

"ಇನ್ನೊಂದು ಸಲ ಹೇಳು. ಒಂದೇ ಸಲ ಬಂದಿದ್ದನ್ನ ಇನ್ಮೇಲೆ ನಂಬಲ್ಲ ನಾನು."

ಅವನು ಹೇಳಿದ.

"ಇನ್ನೊಂದು ಸಲ..."